ತನ್ನ ಎದೆಯನ್ನೇ ಕುಕ್ಕುವ ಹಕ್ಕಿ: ಬಲಿಪೀಠದ ಹಲಗೆಯಿಂದ ಕಿತ್ತುಹಾಕಲು ಹೇಳಿದ್ದಾರೆ, ಏನು ಮಾಡಲಿ?

ಮರದ ಕೈ:
ಎಲ್ಲರಿಗೂ ನಮಸ್ಕಾರ. ನಾನು ಮರಗೆಲಸದವನು. ಹಳೆಯ ಕೆತ್ತನೆಗಳ ದುರಸ್ತಿಯೇ ನನ್ನ ಹೆಚ್ಚಿನ ಕೆಲಸ. ಈಗ ಒಂದು ಹಳೆಯ ಚರ್ಚಿನ ಮರದ ಸಾಮಾನುಗಳನ್ನು ಸರಿಪಡಿಸುತ್ತಿದ್ದೇನೆ. ಬಲಿಪೀಠದ ಮುಂಭಾಗದ ಹಲಗೆಯ ನಟ್ಟನಡುವೆ ಒಂದು ಹಕ್ಕಿ ಇದೆ. ರೆಕ್ಕೆ ಹರಡಿ, ಕತ್ತು ಬಾಗಿಸಿ ತನ್ನ ಎದೆಯನ್ನೇ ಕುಕ್ಕುತ್ತಿದೆ. ಕೆಳಗೆ ಗೂಡು, ಗೂಡಿನಲ್ಲಿ ಬಾಯಿ ತೆರೆದ ಮೂರು ಮರಿಗಳು. ಕತ್ತಿನ ಒಂದೊಂದು ಗರಿಗೂ ಉಳಿಯ ಏಟು ಬೇರೆ ಬೇರೆ ಓರೆಯಲ್ಲಿ ಬಿದ್ದಿದೆ. ಆತುರದ ಕೈಯಿಂದ ಆಗುವ ಕೆಲಸವಲ್ಲ ಅದು.

ಸಮಿತಿಯವರು ಬಂದು ನೋಡಿ, "ಇದು ರಣಹದ್ದಿನ ಹಾಗಿದೆ, ಮಕ್ಕಳು ಹೆದರುತ್ತಾರೆ, ಅರ್ಥವೂ ಯಾರಿಗೂ ಗೊತ್ತಿಲ್ಲ. ಕಿತ್ತು ಒಂದು ಸಾದಾ ಶಿಲುಬೆ ಕೂರಿಸಿ" ಎಂದರು. ದೀಕ್ಷಾಸ್ನಾನದ ತೊಟ್ಟಿಗೆ ಎಂಟು ಮೂಲೆಯ ಮರದ ಮುಚ್ಚಳವಿದೆ. ಅದನ್ನೂ ತೆಗೆದು ದುಂಡಗಿನದು ಮಾಡಿಕೊಡಬೇಕಂತೆ. ಆ ಮುಚ್ಚಳದ ಮೇಲೆ ಐಎಚ್‌ಎಸ್ ಎಂಬ ಮೂರು ಅಕ್ಷರಗಳಿವೆ. ಅವು ಯಾರ ಹೆಸರಿನ ಅಕ್ಷರಗಳೆಂದು ಕೇಳಿದರೆ ದಾನಿಗಳದ್ದಿರಬೇಕು ಎಂಬ ಉತ್ತರ ಬಂತು.

ನಾನು ಕ್ರೈಸ್ತನಲ್ಲ. ಆದರೂ ಏನೆಂದು ತಿಳಿಯದೆ ಇನ್ನೊಬ್ಬ ಬಡಗಿಯ ಕೆಲಸವನ್ನು ಕಿತ್ತುಹಾಕಲು ಕೈ ಬರುತ್ತಿಲ್ಲ. ಹತ್ತು ದಿನ ಸಮಯವಿದೆ. ತಿಳಿದವರು ಹೇಳಿ.

ಹಳೆ ಕೀರ್ತನೆ:
ಅದು ಹೆಜ್ಜಾರ್ಲೆ, ಇಂಗ್ಲಿಷಿನಲ್ಲಿ ಪೆಲಿಕನ್. ದಯವಿಟ್ಟು ಮುಟ್ಟಬೇಡಿ.

ಮೂರನೆಯ ಬೆಂಚು:
ಹದ್ದೂ ಇರಬಹುದಲ್ಲವೇ? ಬೈಬಲ್ ಓದುವ ಪೀಠದಲ್ಲಿ ರೆಕ್ಕೆ ಹರಡಿದ ಹದ್ದನ್ನು ನಾನೇ ನೋಡಿದ್ದೇನೆ. ಗ್ರಂಥ ಅದರ ಬೆನ್ನಿನ ಮೇಲೆ ಕೂರುತ್ತದೆ.

ಹಳೆ ಕೀರ್ತನೆ:
ಓದುವ ಪೀಠದ ಹದ್ದು ಬೇರೆ. ಅದು ಸುವಾರ್ತೆ, ಅಂದರೆ ಯೇಸುವಿನ ಚರಿತ್ರೆ ಬರೆದ ಯೋಹಾನನ ಗುರುತು. ಹದ್ದು ಕಣ್ಣು ಮಿಟುಕಿಸದೆ ಸೂರ್ಯನನ್ನು ನೋಡಬಲ್ಲದು ಎಂದು ಹಿಂದಿನವರು ನಂಬಿದ್ದರು. ಯೋಹಾನ ದೈವತ್ವವನ್ನು ಹಾಗೆ ನೇರವಾಗಿ ನೋಡಿದನೆಂಬ ಭಾವ. ಹದ್ದು ತಲೆ ಎತ್ತಿರುತ್ತದೆ. ಇಲ್ಲಿ ಹಕ್ಕಿ ತಲೆ ತಗ್ಗಿಸಿದೆ, ಮರಿಗಳಿವೆ, ಇರುವ ಜಾಗ ಬಲಿಪೀಠ. ಸಂಶಯವೇ ಬೇಡ.

ಇದರ ಕಥೆ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಗ್ರೀಕ್ ಭಾಷೆಯಲ್ಲಿ ಹುಟ್ಟಿದ 'ಫಿಸಿಯೋಲೋಗಸ್' ಎಂಬ ಪ್ರಾಣಿಕಥೆಗಳ ಗ್ರಂಥದಲ್ಲಿದೆ. ಮರಿಗಳು ಬೆಳೆದು ತಾಯಿತಂದೆಯರ ಮುಖಕ್ಕೇ ಹೊಡೆಯುತ್ತವೆ, ಅವರು ತಿರುಗಿ ಹೊಡೆದಾಗ ಸತ್ತುಹೋಗುತ್ತವೆ. ಮೂರನೆಯ ದಿನ ಹಕ್ಕಿ ತನ್ನ ಪಕ್ಕೆಯನ್ನು ಸೀಳಿಕೊಂಡು ರಕ್ತ ಸುರಿಸಿದಾಗ ಮರಿಗಳಿಗೆ ಜೀವ ಬರುತ್ತದೆ. ಮೂರನೆಯ ದಿನ, ಸೀಳಿದ ಪಕ್ಕೆ, ರಕ್ತ: ಕ್ರೈಸ್ತನಾದವನಿಗೆ ಇದರಲ್ಲಿ ಶಿಲುಬೆಯ ಮೇಲೆ ಪಕ್ಕೆ ತಿವಿಸಿಕೊಂಡು ಮೂರನೆಯ ದಿನ ಎದ್ದ ಯೇಸುವೇ ಕಾಣುತ್ತಾರೆ. ಮುಂದೆ ಕಥೆಯ ಕ್ರೂರ ಭಾಗ ಸವೆದುಹೋಗಿ, ಹಸಿದ ಮರಿಗಳಿಗೆ ಎದೆರಕ್ತ ಉಣಿಸುವ ತಾಯಿ ಎಂಬಷ್ಟೇ ಉಳಿಯಿತು. ಸಂತ ಥಾಮಸ್ ಅಕ್ವಿನಾಸ್ ಅವರದೆಂದು ಪರಂಪರೆಯಿಂದ ಬಂದ 13ನೆಯ ಶತಮಾನದ, ಪರಮಪ್ರಸಾದದ (ಯೇಸುವಿನ ಶರೀರ, ರಕ್ತವೆಂದು ಬಲಿಪೀಠದಲ್ಲಿ ಅರ್ಪಿಸುವ ರೊಟ್ಟಿ, ದ್ರಾಕ್ಷಾರಸದ) ಸ್ತುತಿಯೊಂದರಲ್ಲಿ ಯೇಸುವನ್ನು ಕರುಣೆಯ ಹೆಜ್ಜಾರ್ಲೆ ಎಂದೇ ಕರೆದಿದೆ. ನಿನ್ನ ರಕ್ತದ ಒಂದು ಹನಿ ಸಾಕು, ಇಡೀ ಲೋಕದ ಪಾಪ ತೊಳೆಯಲು ಎಂಬುದು ಆ ಸಾಲುಗಳ ತಿರುಳು. ಹಾಗಾಗಿಯೇ ಈ ಹಕ್ಕಿ ಬಲಿಪೀಠದ ಮುಂದೆ, ಪರಮಪ್ರಸಾದದ ಪೆಟ್ಟಿಗೆಯ ಬಾಗಿಲ ಮೇಲೆ ಕೂರುತ್ತದೆ. ನಿಮ್ಮ ಬಡಗಿಗೆ ತಾನು ಏನನ್ನು ಎಲ್ಲಿ ಕೆತ್ತುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು.

ರೆಕ್ಕೆಪುಕ್ಕ:
ಹಕ್ಕಿ ನೋಡುವವಳಾಗಿ ಒಂದು ಮಾತು ಸೇರಿಸಬೇಕು. ಹೆಜ್ಜಾರ್ಲೆ ಎದೆ ಸೀಳಿಕೊಳ್ಳುವುದೂ ಇಲ್ಲ, ರಕ್ತ ಕುಡಿಸುವುದೂ ಇಲ್ಲ. ಮರಿ ತನ್ನ ತಲೆಯನ್ನೇ ತಾಯಿಯ ಕೊಕ್ಕಿನ ಚೀಲದೊಳಗೆ ತೂರಿಸಿ, ಅರೆ ಜೀರ್ಣವಾದ ಮೀನನ್ನು ತಿನ್ನುತ್ತದೆ. ದೊಡ್ಡ ಹಕ್ಕಿ ಆಗಾಗ ಕೊಕ್ಕನ್ನು ಎದೆಗೆ ಒತ್ತಿಕೊಳ್ಳುತ್ತದೆ. ಒಂದು ಜಾತಿಯಲ್ಲಿ ಮರಿ ಮಾಡುವ ಕಾಲಕ್ಕೆ ಕೊಕ್ಕಿನ ಚೀಲ ಕೆಂಪಗಾಗುತ್ತದೆ. ದೂರದಿಂದ ನೋಡಿದವರು ಗಾಯ ಎಂದುಕೊಂಡಿರಬಹುದು ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಹಳೆಯ ಕೆತ್ತನೆಗಳಲ್ಲಿ ಬಹುಪಾಲು ಹಕ್ಕಿಗಳಿಗೆ ಹೆಜ್ಜಾರ್ಲೆಯ ಉದ್ದ ಕೊಕ್ಕೂ ಇಲ್ಲ, ಚೀಲವೂ ಇಲ್ಲ. ಹಂಸದ ಕತ್ತು, ಗಿಡುಗನ ಕೊಕ್ಕು. ಕೆತ್ತಿದವರಲ್ಲಿ ಹೆಚ್ಚಿನವರು ಆ ಹಕ್ಕಿಯನ್ನು ಕಣ್ಣಾರೆ ಕಂಡವರಲ್ಲ. ಸಮಿತಿಯವರಿಗೆ ರಣಹದ್ದು ಕಂಡಿದ್ದು ಅವರ ತಪ್ಪೇನಲ್ಲ.

ಸರಳ ಸಭೆ:
ಇಲ್ಲಿಗೇ ವಿಷಯ ಮುಗಿಯಿತಲ್ಲವೇ? ಹಕ್ಕಿಯ ಕಥೆ ಸುಳ್ಳು. ಕೆತ್ತಿದ ಹಕ್ಕಿ ಆ ಹಕ್ಕಿಯೇ ಅಲ್ಲ. ಎದುರಿಗೆ ಕೂರುವ ಜನರಿಗೆ ಅರ್ಥ ಗೊತ್ತಿಲ್ಲ. ಪುಟಗಟ್ಟಲೆ ವಿವರಿಸಬೇಕಾದ ಗುರುತು ಗುರುತಾಗಿ ಉಳಿದಿದೆಯೇ? ಶಿಲುಬೆಯನ್ನು ಕಂಡರೆ ಮಗುವಿಗೂ ತಿಳಿಯುತ್ತದೆ. ಸಮಿತಿ ಕೇಳಿದ್ದು ಅದನ್ನೇ.

ನಾನು ಬೆಳೆದ ಸಭೆಯಲ್ಲಿ ಬಿಳಿ ಗೋಡೆ, ನಡುವೆ ಪ್ರಸಂಗಪೀಠ, ಕೆಳಗೆ ಒಂದು ಮೇಜು. ಇಷ್ಟೇ. ಕಣ್ಣು ಅಲೆಯುವುದಿಲ್ಲ, ಕಿವಿ ತೆರೆದಿರುತ್ತದೆ. ಕೆತ್ತಿದ ವಿಗ್ರಹ ಮಾಡಿಕೊಳ್ಳಬೇಡ ಎಂದು ಬೈಬಲಿನ ವಿಮೋಚನಕಾಂಡ 20ನೆಯ ಅಧ್ಯಾಯ ಹೇಳುವುದನ್ನು ಮರೆಯಬೇಡಿ.

ಗಾಜಿನ ಕಿಟಕಿ:
ಅದೇ ವಿಮೋಚನಕಾಂಡದ 25ನೆಯ ಅಧ್ಯಾಯವನ್ನೂ ಓದಿ. ದೇವರ ಆಜ್ಞೆಗಳನ್ನಿಟ್ಟ ಪೆಟ್ಟಿಗೆಯಾದ ಒಡಂಬಡಿಕೆಯ ಮಂಜೂಷದ ಮೇಲೆ ರೆಕ್ಕೆ ಹರಡಿದ ಎರಡು ಕೆರೂಬಿಗಳನ್ನು, ಅಂದರೆ ದೇವದೂತರನ್ನು, ಬಂಗಾರದಲ್ಲಿ ಮಾಡಿಸು ಎಂದು ಮೋಶೆಗೆ ಹೇಳಿದವನೂ ದೇವರೇ.

ಸರಳ ಸಭೆ:
ಅದು ದೇವರ ಅಪ್ಪಣೆ. ಹೆಜ್ಜಾರ್ಲೆ ಕೆತ್ತಲು ಅಪ್ಪಣೆ ಕೊಟ್ಟವರು ಯಾರು?

ಗಾಜಿನ ಕಿಟಕಿ:
ಈ ಜಗಳ ಇಂದಿನದಲ್ಲ. ಸುಮಾರು 600ರ ಹೊತ್ತಿಗೆ ಮಾರ್ಸೇಯ ಬಿಷಪ್ ಸೆರೆನಸ್ ತನ್ನ ಚರ್ಚುಗಳ ಚಿತ್ರಗಳನ್ನು ಒಡೆಸಿದಾಗ ಪೋಪ್ ಮಹಾ ಗ್ರೆಗೊರಿ ಪತ್ರ ಬರೆದು ಆಕ್ಷೇಪಿಸಿದರು. ಅಕ್ಷರ ಬಲ್ಲವನು ಗ್ರಂಥದಲ್ಲಿ ಓದುವುದನ್ನು ಅಕ್ಷರ ಬಾರದವನು ಗೋಡೆಯ ಮೇಲೆ ಓದುತ್ತಾನೆ ಎಂಬುದು ಅವರ ವಾದ. ಮುಂದೆ ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಂನಲ್ಲಿ ನೂರಕ್ಕೂ ಹೆಚ್ಚು ವರ್ಷ, ನಡುವೆ ಒಂದು ವಿರಾಮದೊಂದಿಗೆ, ಇದೇ ಹೋರಾಟ ನಡೆಯಿತು. 787ರಲ್ಲಿ ನಿಕೇಯಾದ ಎರಡನೆಯ ಮಹಾಸಭೆ, ಚಿತ್ರಕ್ಕೆ ತೋರಿಸಿದ ಗೌರವ ಚಿತ್ರದಲ್ಲಿರುವವರಿಗೆ ಸಲ್ಲುತ್ತದೆ, ಆರಾಧನೆ ಮಾತ್ರ ದೇವರೊಬ್ಬನಿಗೆ ಎಂದು ತೀರ್ಮಾನಿಸಿತು. ಆಮೇಲೂ ನಿಲ್ಲಲಿಲ್ಲ. 1566ರಲ್ಲಿ ನೆದರ್‌ಲ್ಯಾಂಡ್ಸ್ ಪ್ರಾಂತಗಳಲ್ಲಿ ಜನ ಚರ್ಚುಗಳಿಗೆ ನುಗ್ಗಿ ಪ್ರತಿಮೆಗಳನ್ನು ಪುಡಿಗಟ್ಟಿದರು.

ಇನ್ನು ನಿಮ್ಮ ಬಿಳಿ ಗೋಡೆಯ ವಿಷಯ. ಪ್ರಸಂಗಪೀಠ ನಡುವೆ ಇರುವುದು ತಾನಾಗಿ ಆದದ್ದೇ? ವಾಕ್ಯವೇ ಕೇಂದ್ರ ಎಂದು ಯಾರೋ ಯೋಚಿಸಿ ಇಟ್ಟದ್ದಲ್ಲವೇ? ಹಾಗಾದರೆ ಅದೂ ಗುರುತೇ. ನೀವು ಅದನ್ನು ದಿನವೂ ಓದುತ್ತಿದ್ದೀರಿ, ಓದುತ್ತಿದ್ದೇನೆಂದು ಅನ್ನಿಸುವುದಿಲ್ಲ, ಅಷ್ಟೇ.

ಸರಳ ಸಭೆ:
ಪ್ರಸಂಗಪೀಠದ ಮಾತು ಒಪ್ಪಿದೆ. ಹಾಗೆ ಯೋಚಿಸಿರಲಿಲ್ಲ. ಒಡೆಯುವುದನ್ನು ನಾನೂ ಬೆಂಬಲಿಸುವುದಿಲ್ಲ. ಆದರೆ ಗ್ರೆಗೊರಿಯ ಪತ್ರವನ್ನು ಅರ್ಧ ಹೇಳಿದಿರಿ. ಕೈಯಿಂದ ಮಾಡಿದ್ದನ್ನು ಆರಾಧಿಸಬಾರದೆಂಬ ಸೆರೆನಸ್‌ನ ಕಳಕಳಿಯನ್ನು ಅವರು ಅದೇ ಪತ್ರದಲ್ಲಿ ಮೆಚ್ಚಿದ್ದಾರೆ. ಅದನ್ನೂ ಸೇರಿಸಿಯೇ ಹೇಳಬೇಕು.

ಗಾಜಿನ ಕಿಟಕಿ:
ಸರಿ, ಸೇರಿಸಿಯೇ ಹೇಳಬೇಕು.

ಮರದ ಕೈ:
ಪ್ರಸಂಗಪೀಠ ಎಂದಾಗ ನೆನಪಾಯಿತು. ಈ ಚರ್ಚಿನ ಪೀಠದ ಮೇಲೆ ಕೊಡೆಯ ಹಾಗೆ ಒಂದು ಮರದ ಚಾವಣಿ ತೂಗುತ್ತಿದೆ. ಅಡಿಯಲ್ಲಿ, ಮಾತಾಡುವವರ ನೆತ್ತಿಗೆ ಸರಿಯಾಗಿ ಒಂದು ಪಾರಿವಾಳ. ಚಾವಣಿಯನ್ನು ಇಳಿಸಿ ಒರೆಸಿ ಮತ್ತೆ ಕೂರಿಸಿದೆ.

ಹಳೆ ಕೀರ್ತನೆ:
ಅದು ಪವಿತ್ರಾತ್ಮ. ಆಡುವ ಮಾತು ಆಡುವವನದಲ್ಲ, ಮೇಲಿನಿಂದ ಬಂದದ್ದು ಎಂದು ಸೂಚಿಸುತ್ತದೆ.

ಮರದ ಕೈ:
ಸ್ವಾಮಿ, ಆ ಹಲಗೆ ಇಳಿಸಿದ್ದ ಎರಡು ದಿನ ಅದರ ಕೆಳಗೆ ನಿಂತು ಮಾತಾಡಿದರೆ ದನಿ ಮೇಲಕ್ಕೇ ಹೋಗಿ ಕಳೆದುಹೋಗುತ್ತಿತ್ತು. ಮತ್ತೆ ಕೂರಿಸಿದ ಮೇಲೆ ಕಡೆಯ ಬೆಂಚಿನವರೆಗೆ ಕೇಳಿಸಿತು. ಮಾತನ್ನು ಜನರಿಗೆ ಮುಟ್ಟಿಸುವ ಹಲಗೆಗೇ ಆ ಪಾರಿವಾಳವನ್ನು ಕೂರಿಸಿದ್ದಾರೆ ಎಂದು ಈಗ ತಿಳಿಯಿತು.

ಸರಳ ಸಭೆ:
ಇದು ಚೆನ್ನಾಗಿದೆ. ಇಂಥ ಗುರುತಿಗೆ ನನ್ನ ತಕರಾರಿಲ್ಲ.

ಮೂರನೆಯ ಬೆಂಚು:
ಐಎಚ್‌ಎಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದು ದಾನಿಗಳ ಹೆಸರಲ್ಲ. 'ಮಾನವರ ರಕ್ಷಕನಾದ ಯೇಸು' ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು. ಭಾನುವಾರದ ಮಕ್ಕಳ ತರಗತಿಯಲ್ಲಿ ನಾನು ವರ್ಷಗಳಿಂದ ಹೇಳಿಕೊಡುತ್ತಿದ್ದೇನೆ.

ಹಳೆ ಕೀರ್ತನೆ:
ಅದು ಅಕ್ಷರಗಳಿಗೆ ಆಮೇಲೆ ಹೊಂದಿಸಿದ ಅರ್ಥ, ಅಕ್ಕ. ಮೂಲದಲ್ಲಿ ಅವು ಗ್ರೀಕ್ ಅಕ್ಷರಗಳು: ಇಯೋಟ, ಈಟ, ಸಿಗ್ಮ. ಗ್ರೀಕಿನಲ್ಲಿ ಯೇಸು ಎಂಬ ಹೆಸರಿನ ಮೊದಲ ಮೂರು ಅಕ್ಷರ, ಅಷ್ಟೇ. ಗ್ರೀಕಿನ ಈಟ ನೋಡಲು ಲ್ಯಾಟಿನ್ ಲಿಪಿಯ ಎಚ್ ಹಾಗೆಯೇ ಇರುವುದರಿಂದ ಓದುವವರು ಎಚ್ ಎಂದೇ ಓದಿದರು. 15ನೆಯ ಶತಮಾನದಲ್ಲಿ ಸಿಯೆನಾದ ಸಂತ ಬೆರ್ನಾರ್ಡಿನೋ ಈ ಅಕ್ಷರಗಳನ್ನು ಸೂರ್ಯನ ಕಿರಣಗಳ ನಡುವೆ ಬರೆಸಿದ ಹಲಗೆ ಹಿಡಿದು ಊರೂರು ತಿರುಗಿ ಬೋಧಿಸಿದರು. ಆಮೇಲೆ ಯೇಸುಸಭೆಯವರು, ಅಂದರೆ ಜೆಸ್ಯೂಟ್ ಪಾದ್ರಿಗಳು, ಅದನ್ನು ತಮ್ಮ ಮುದ್ರೆಯಾಗಿ ತೆಗೆದುಕೊಂಡರು.

ಮೂರನೆಯ ಬೆಂಚು:
ಹಾಗಾದರೆ ಇಷ್ಟು ವರ್ಷ ಮಕ್ಕಳಿಗೆ ತಪ್ಪು ಹೇಳಿಕೊಟ್ಟೆನೇ? ಮನಸ್ಸಿಗೆ ಕಷ್ಟವಾಗುತ್ತಿದೆ.

ಗಾಜಿನ ಕಿಟಕಿ:
ಅಕ್ಕ, ಬೇಸರ ಮಾಡಿಕೊಳ್ಳಬೇಡಿ. ಅಕ್ಷರಗಳು ಹೇಳುವ ಹೆಸರು ಯೇಸುವೇ ತಾನೇ. ಮುಂದಿನ ವಾರ ಎರಡನ್ನೂ ಹೇಳಿಕೊಡಿ. ಗುರುತುಗಳು ಮೊದಲ ದಿನದಿಂದ ಹೀಗೇ ಇದ್ದವು ಎಂದುಕೊಳ್ಳುವುದು ನಮ್ಮ ಭ್ರಮೆ. ನಾಲ್ಕು ಸುವಾರ್ತಾಕಾರರ ಗುರುತುಗಳನ್ನೇ ನೋಡಿ. ಮತ್ತಾಯನಿಗೆ ಮನುಷ್ಯ, ಮಾರ್ಕನಿಗೆ ಸಿಂಹ, ಲೂಕನಿಗೆ ಎತ್ತು, ಯೋಹಾನನಿಗೆ ಹದ್ದು ಎಂದು ನಾವು ಬಾಯಿಪಾಠ ಮಾಡಿದ್ದೇವೆ. ಆದರೆ 2ನೆಯ ಶತಮಾನದ ಬಿಷಪ್ ಐರೇನಿಯಸ್ ಸಿಂಹವನ್ನು ಯೋಹಾನನಿಗೂ ಹದ್ದನ್ನು ಮಾರ್ಕನಿಗೂ ಕೊಟ್ಟಿದ್ದ. ಇಂದು ನಮಗೆ ಗೊತ್ತಿರುವ ಜೋಡಣೆ ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಮೂಲಕ ನೆಲೆನಿಂತಿತು.

ರೆಕ್ಕೆಪುಕ್ಕ:
ಮೋಶೆಯ ತಲೆಯ ಮೇಲಿನ ಕೊಂಬುಗಳೂ ಜೆರೋಮ್ ಅವರ ಭಾಷಾಂತರದಿಂದಲೇ ಬಂದವಲ್ಲವೇ? ಹೀಬ್ರೂ ಮೂಲದ ಒಂದೇ ಧಾತುವಿನಿಂದ ಹೊಳಪು ಎಂದೂ ಕೊಂಬು ಎಂದೂ ಬರುತ್ತದೆ. ಲ್ಯಾಟಿನ್ನಿನಲ್ಲಿ ಕೊಂಬಾಯಿತು. ಮೈಕೆಲೇಂಜೆಲೊ ಕೆತ್ತಿದ ಮೋಶೆಗೂ ಕೊಂಬಿದೆ.

ಸರಳ ಸಭೆ:
ಹಾಗೆಯೇ ಏದೆನ್ ತೋಟದ ಸೇಬು. ಆದಿಕಾಂಡದಲ್ಲಿ ಇರುವುದು ಹಣ್ಣು ಎಂದು ಮಾತ್ರ. ಚಿತ್ರ ನೋಡಿ ನೋಡಿ ಗ್ರಂಥದಲ್ಲಿ ಇಲ್ಲದ್ದನ್ನು ಜನ ನಂಬಿಬಿಟ್ಟಿದ್ದಾರೆ. ನನ್ನ ಆತಂಕ ಇಂಥದ್ದರ ಬಗ್ಗೆಯೇ.

ಹಳೆ ಕೀರ್ತನೆ:
ಆತಂಕ ನ್ಯಾಯವಾದದ್ದೇ. ಆದರೆ ಶಿಲುಬೆಯೊಂದೇ ಸಾಕು, ಅದು ಮೊದಲಿನಿಂದ ಇದ್ದದ್ದು ಎಂಬ ಧಾಟಿ ನಿಮ್ಮ ಮೊದಲ ಉತ್ತರದಲ್ಲಿತ್ತು. ಅಲ್ಲಿ ನಾನು ಒಪ್ಪಲಾರೆ. ರೋಮಿನ ನೆಲಮಾಳಿಗೆಯ ಸಮಾಧಿಗಳ ಗೋಡೆಗಳಲ್ಲಿ ಕುರಿ ಹೊತ್ತ ಕುರುಬ, ಮೀನು, ಲಂಗರು, ದೊಡ್ಡ ಮೀನು ನುಂಗಿದ್ದ ಪ್ರವಾದಿ ಯೋನ ಮತ್ತೆ ಮತ್ತೆ ಸಿಗುತ್ತಾರೆ. ಶಿಲುಬೆಗೇರಿದ ಯೇಸು ಸಿಗುವುದಿಲ್ಲ. ಶಿಲುಬೆ ಆಗಿನ ಜನರ ಕಣ್ಣಿಗೆ ನೇಣುಗಂಬ. ಶಿಲುಬೆಯ ಮರಣವನ್ನು ತೋರಿಸುವ ಅತಿ ಹಳೆಯ ಚಿತ್ರಗಳಲ್ಲಿ ಒಂದು, ರೋಮಿನ ಸಾಂತಾ ಸಬೀನಾ ಚರ್ಚಿನ ಬಾಗಿಲಿನಲ್ಲಿದೆ. 5ನೆಯ ಶತಮಾನದ ಮರದ ಕೆತ್ತನೆ, ಸೈಪ್ರೆಸ್ ಮರ. 28 ಫಲಕಗಳಲ್ಲಿ 18 ಉಳಿದಿವೆ. ಅದರಲ್ಲೂ ಶಿಲುಬೆಯ ಮರ ಸರಿಯಾಗಿ ಕಾಣುವುದಿಲ್ಲ. ಮೂವರು ಕೈ ಚಾಚಿ ನಿಂತಂತಿದ್ದಾರೆ.

ಮರದ ಕೈ:
ಸಾವಿರದೈನೂರು ವರ್ಷದ ಮರದ ಬಾಗಿಲೇ! ಗೆದ್ದಲು, ತೇವ, ಬೆಂಕಿ ಎಲ್ಲವನ್ನೂ ದಾಟಿ ಉಳಿದಿದೆಯೇ?

ಹಳೆ ಕೀರ್ತನೆ:
ಉಳಿದಿದೆ. ನಡುನಡುವೆ ನಿಮ್ಮಂಥವರು ದುರಸ್ತಿಯನ್ನೂ ಮಾಡಿದ್ದಾರೆ.

ರಾತ್ರಿ ಪಾಳಿ:
ಮಕ್ಕಳು ಹೆದರುತ್ತಾರೆ ಎಂಬ ಮಾತಿಗೆ ನನ್ನದೊಂದು ಉತ್ತರ. ನಾನು ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ಜರ್ಮನ್ ಚಿತ್ರಕಾರ ಗ್ರ್ಯೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ ಐಸೆನ್‌ಹೈಮ್ ಬಲಿಪೀಠದ ಚಿತ್ರವನ್ನು ಮೊದಲ ಸಲ ಪುಸ್ತಕವೊಂದರಲ್ಲಿ ನೋಡಿದಾಗ ಪುಟ ಮಗುಚಿಬಿಟ್ಟಿದ್ದೆ. ಯೇಸುವಿನ ಮೈತುಂಬ ಹುಣ್ಣು, ಚರ್ಮ ಹಸಿರುಗಟ್ಟಿದೆ, ಬೆರಳುಗಳು ಸೆಟೆದು ಮೇಲಕ್ಕೆ ಚಾಚಿವೆ. ಇಷ್ಟು ಭೀಕರ ಏಕೆ ಎಂದು ಅನ್ನಿಸಿತ್ತು.

ಅದನ್ನು ಬರೆಸಿದವರು ಸಂತ ಅಂತೋನಿಯ ಹೆಸರಿನ ಮಠದವರು. ಅವರು ಆರೈಕೆ ಮಾಡುತ್ತಿದ್ದದ್ದು ರೈ ಧಾನ್ಯಕ್ಕೆ ಹಿಡಿದ ಬೂಷ್ಟಿನ ವಿಷದಿಂದ ಮೈ ಸುಟ್ಟಂತೆ ಉರಿದು, ಕೈಕಾಲು ಕೊಳೆತುಹೋಗುತ್ತಿದ್ದ ರೋಗಿಗಳನ್ನು. ರೋಗಿಗಳು ಕಂಡದ್ದು ತಮ್ಮ ಮೈಯಂತೆಯೇ ಹುಣ್ಣಾದ ದೇವರ ಮೈಯನ್ನು. ಚಿತ್ರದಲ್ಲಿ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನ ಉದ್ದನೆಯ ಬೆರಳು ಚಾಚಿ ಯೇಸುವಿನತ್ತ ತೋರಿಸುತ್ತಾನೆ. ಅವನ ಕಾಲ ಬಳಿ ಬಲಿಯಾದ ಯೇಸುವಿನ ಗುರುತಾಗಿ ಒಂದು ಕುರಿಮರಿ. ಅದರ ಎದೆಯ ರಕ್ತ ಪಾನಪಾತ್ರೆಗೆ ಇಳಿಯುತ್ತಿದೆ. ನಿಮ್ಮ ಹಕ್ಕಿಯ ಮಾತೂ ಅದೇ.

ವಾರ್ಡಿನಲ್ಲಿ ಒಬ್ಬ ಹಿರಿಯರು ನನ್ನ ಫೋನಿನಲ್ಲಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಕಾಲಿನ ಗಾಯಕ್ಕೆ ಪಟ್ಟಿ ಬದಲಾಯಿಸುತ್ತಿದ್ದೆ. "ಇವನಿಗೂ ಹೀಗೇ ಆಗಿತ್ತೇ" ಎಂದರು. ಬೇರೆ ಏನೂ ಹೇಳಲಿಲ್ಲ. ಭಯಪಡಿಸುತ್ತದೆ ಎಂದು ಎಲ್ಲವನ್ನೂ ನಯ ಮಾಡಿಬಿಟ್ಟರೆ ಅಂಥವರು ಎಲ್ಲಿ ನೋಡಬೇಕು?

ಸರಳ ಸಭೆ:
ತಂಗಿ, ಇದಕ್ಕೆ ನನ್ನಲ್ಲಿ ಎದುರು ಮಾತಿಲ್ಲ.

ಬಣ್ಣದ ಬಟ್ಟಲು:
ಎಲ್ಲರೂ ಅರ್ಥ ಹೇಳುತ್ತಿದ್ದೀರಿ, ನಾನು ಕೆಲಸದ ಮಾತು ಹೇಳುತ್ತೇನೆ. ಹಳೆಯ ಚಿತ್ರಗಳ ಬಣ್ಣ ಶುಚಿಮಾಡುವುದು ನನ್ನ ವೃತ್ತಿ. ಮರದ ಕೈ ಅವರೇ, ಆ ಹಲಗೆಗೆ ಮರಳುಕಾಗದ ಹಚ್ಚಬೇಡಿ, ಬಣ್ಣ ಕೀಳುವ ದ್ರಾವಣವನ್ನೂ ಸುರಿಯಬೇಡಿ. ಚರ್ಚಿನ ಕೆತ್ತನೆಗಳಿಗೆ ಒಂದು ಕಾಲದಲ್ಲಿ ಬಣ್ಣವಿದ್ದದ್ದೇ ಹೆಚ್ಚು. ವಾರ್ನಿಷ್ ಕಪ್ಪಾದಂತೆ ಅದು ಮರೆಯಾಗುತ್ತದೆ.

ಬೆಲ್ಜಿಯಂನ ಘೆಂಟ್ ನಗರದ ಬಲಿಪೀಠದ ಚಿತ್ರದ ಕಥೆ ಕೇಳಿ. ವಾನ್ ಐಕ್ ಸೋದರರ ಕೆಲಸ, 1432ರಲ್ಲಿ ಮುಗಿದದ್ದು. ನಡುವೆ ಬಲಿಪೀಠದ ಮೇಲೆ ನಿಂತ ಕುರಿಮರಿ, ಎದೆಯಿಂದ ರಕ್ತ ಪಾತ್ರೆಗೆ ಚಿಮ್ಮುತ್ತಿದೆ. 16ನೆಯ ಶತಮಾನದಲ್ಲಿ ಯಾರೋ ಅದರ ಮುಖದ ಮೇಲೆ ಬೇರೆ ಮುಖ ಬರೆದರು, ಸಾಧಾರಣ ಕುರಿಯ ಮುಖ. 1950ರ ದಶಕದ ಶುರುವಿನಲ್ಲಿ ಸ್ವಲ್ಪ ಭಾಗ ಶುಚಿಮಾಡಿದಾಗ ಮೂಲದ ಕಿವಿಗಳು ಹೊರಬಂದು, ಕುರಿಗೆ ನಾಲ್ಕು ಕಿವಿಗಳಾದವು! ಮೇಲಿನ ಬಣ್ಣವನ್ನು ಪೂರ್ತಿ ತೆಗೆದದ್ದು ಇತ್ತೀಚೆಗೆ, 2019ರ ಹೊತ್ತಿಗೆ. ಕೆಳಗಿದ್ದ ಮುಖದಲ್ಲಿ ಕಣ್ಣುಗಳು ನೇರವಾಗಿ ನೋಡುವವರನ್ನೇ ದಿಟ್ಟಿಸುತ್ತವೆ. ಬಹಳ ಜನರಿಗೆ ಇರಿಸುಮುರಿಸಾಯಿತು, ಹಳೆಯದೇ ಚೆನ್ನಾಗಿತ್ತು ಎಂದರು. ಆದರೆ ಚಿತ್ರಕಾರ ಬಯಸಿದ್ದ ನೋಟ ಅದೇ. ನಿಮ್ಮ ಹಲಗೆಯ ಮೂಲೆಯೊಂದನ್ನು, ಬೆರಳ ಉಗುರಿನಷ್ಟು ಜಾಗವನ್ನು, ಹತ್ತಿಯ ಕಡ್ಡಿಯಿಂದ ಮೊದಲು ಪರೀಕ್ಷಿಸಿ. ಪಕ್ಕದಿಂದ ದೀಪ ಹಿಡಿದು ನೋಡಿ.

ಮರದ ಕೈ:
ಆಗಲಿ. ಇಂದೇ ನೋಡುತ್ತೇನೆ.

ರೆಕ್ಕೆಪುಕ್ಕ:
ಎಂಟು ಮೂಲೆಯ ಮುಚ್ಚಳವನ್ನು ಎಲ್ಲರೂ ಮರೆತಿರಿ.

ಗಾಜಿನ ಕಿಟಕಿ:
ಎಂಟು ಎಂದರೆ ಎಂಟನೆಯ ದಿನ. ಸೃಷ್ಟಿಯ ವಾರಕ್ಕೆ ಏಳು ದಿನ. ಯೇಸು ಪುನರುತ್ಥಾನರಾದದ್ದು ವಾರ ಕಳೆದ ಮರುದಿನ, ಅಂದರೆ ಹೊಸ ಸೃಷ್ಟಿಯ ಮೊದಲ ದಿನ. ನೋಹನ ನಾವೆಯಲ್ಲಿ ನೀರನ್ನು ದಾಟಿ ಬದುಕಿದವರೂ ಎಂಟು ಮಂದಿ. ಪೇತ್ರನ ಮೊದಲ ಪತ್ರ ಅದನ್ನು ದೀಕ್ಷಾಸ್ನಾನಕ್ಕೇ ಹೋಲಿಸುತ್ತದೆ. 387ರಲ್ಲಿ ಬಿಷಪ್ ಅಂಬ್ರೋಸರಿಂದ ಸಂತ ಆಗಸ್ಟಿನ್ ದೀಕ್ಷಾಸ್ನಾನ ಪಡೆದ ಮಿಲಾನಿನ ಕೊಳಕ್ಕೂ ಎಂಟು ಬದಿಗಳು. ಅದರ ಅವಶೇಷ ಅಲ್ಲಿನ ಕ್ಯಾಥೆಡ್ರಲ್ ಮುಂದಿನ ಅಂಗಳದ ಕೆಳಗೆ ಇಂದಿಗೂ ಇದೆ.

ಸರಳ ಸಭೆ:
ದುಂಡಗಿನ ತೊಟ್ಟಿಗಳೂ ಚೌಕದವೂ ಬೇಕಾದಷ್ಟಿವೆ. ಎಂಟು ಮೂಲೆ ಕಡ್ಡಾಯವೇನಲ್ಲ.

ಗಾಜಿನ ಕಿಟಕಿ:
ಕಡ್ಡಾಯ ಎಂದು ನಾನು ಹೇಳಲಿಲ್ಲ. ಇದ್ದದ್ದನ್ನು ತೆಗೆಯುವ ಮೊದಲು ಏನೆಂದು ತಿಳಿಯಿರಿ ಎಂದೆ.

ಮರದ ಕೈ:
ಬಡಗಿಯ ಲೆಕ್ಕದಲ್ಲಿ ಒಂದು ಮಾತು. ಚೌಕದ ನಾಲ್ಕು ಮೂಲೆಗಳನ್ನು ಸಮನಾಗಿ ಕತ್ತರಿಸಿದರೆ ಎಂಟು ಬದಿ ಸಿಗುತ್ತದೆ. ಆ ಎಂಟನ್ನು ಮತ್ತೆ ಮತ್ತೆ ಕತ್ತರಿಸುತ್ತಾ ಹೋದರೆ ವೃತ್ತ. ಕಂಬವನ್ನು ದುಂಡಗೆ ಮಾಡುವಾಗ ನಾವು ಎಂಟನ್ನು ದಾಟಿಯೇ ಹೋಗುವುದು. ಚೌಕ ಭೂಮಿ, ವೃತ್ತ ಆಕಾಶ ಎಂದು ಓದಿದ್ದು ನೆನಪಿದೆ. ಹಾಗಾದರೆ ಎಂಟು ನಡುದಾರಿ.

ಹಳೆ ಕೀರ್ತನೆ:
ಇದನ್ನು ಬರೆದಿಟ್ಟುಕೊಂಡೆ.

ಮರದ ಕೈ:
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಬಣ್ಣದ ಬಟ್ಟಲು ಅವರು ಹೇಳಿದಂತೆ ದೀಪವನ್ನು ಪಕ್ಕದಿಂದ ಹಿಡಿದೆ. ಮೂಲೆಯಲ್ಲಿ ಶುರುಮಾಡಿ ಗೂಡಿನವರೆಗೆ ಬಂದೆ. ವಾರ್ನಿಷ್ ಚಹಾದ ಡಿಕಾಕ್ಷನ್ ಬಣ್ಣದಲ್ಲಿ ಹತ್ತಿಗೆ ಹತ್ತಿತು. ಗರಿಗಳಲ್ಲಿ ಬಣ್ಣವೇ ಇಲ್ಲ, ಬರಿಯ ಮರ. ಎದೆಯ ಗಾಯದಲ್ಲೂ ಇಲ್ಲ. ಅಲ್ಲಿ ಉಳಿಯ ತುದಿಯಿಂದ ಒಂದೇ ಆಳವಾದ ಗೀರು ಎಳೆದಿದ್ದಾನೆ. ಮೂರು ಮರಿಗಳಲ್ಲಿ ಎರಡು ತಾಯಿಯ ಕೊಕ್ಕನ್ನು ನೋಡುತ್ತಿವೆ. ಮೂರನೆಯದರ ಕಣ್ಣು ಇನ್ನೂ ಬಿಟ್ಟಿಲ್ಲ, ರೆಪ್ಪೆಯ ಮಡಿಕೆಯನ್ನೂ ಕೆತ್ತಿದ್ದಾನೆ. ಆ ಕುರುಡು ಮರಿಯ ತೆರೆದ ಬಾಯಿಯೊಳಗೆ, ಸಾಸಿವೆ ಕಾಳಿನಷ್ಟು, ಕೆಂಪು ಬಣ್ಣ ಇದೆ. ಇಡೀ ಹಲಗೆಯಲ್ಲಿ ಬಣ್ಣ ಇರುವುದು ಅಲ್ಲೊಂದೇ ಕಡೆ.

ಹಳೆ ಕೀರ್ತನೆ:
ಒಂದು ಹನಿ.

ರಾತ್ರಿ ಪಾಳಿ:
ಓದುತ್ತಿದ್ದಂತೆ ಕಣ್ಣು ತುಂಬಿತು. ಸಮಿತಿಯವರಿಗೆ ತೋರಿಸಿದಿರಾ?

ಮರದ ಕೈ:
ತೋರಿಸಿದೆ. ಐವರು ಬಂದಿದ್ದರು. ದೀಪ ಹಿಡಿದುಕೊಂಡೇ, ಇಲ್ಲಿ ಕಲಿತದ್ದನ್ನೆಲ್ಲ ನನಗೆ ಬಂದಷ್ಟು ಹೇಳಿದೆ. ರಣಹದ್ದು ಎಂದಿದ್ದ ಹಿರಿಯರು ಮಂಡಿಯೂರಿ ಕುಳಿತು ಕನ್ನಡಕ ಏರಿಸಿ ನೋಡಿದರು. ತಾನು ಈ ಹಲಗೆಯ ಮುಂದೆಯೇ ಮೊದಲ ಪರಮಪ್ರಸಾದ ಪಡೆದದ್ದು, ಅರವತ್ತು ವರ್ಷದಲ್ಲಿ ಒಮ್ಮೆಯೂ ಮರಿಗಳನ್ನು ಎಣಿಸಿರಲಿಲ್ಲ ಎಂದರು. ಹಕ್ಕಿ ಇರಲಿ ಎಂದು ಒಪ್ಪಿದ್ದಾರೆ. ಮುಚ್ಚಳದ ವಿಷಯದಲ್ಲಿ ಮಾತ್ರ ಇಬ್ಬರು ಪಟ್ಟು ಬಿಟ್ಟಿಲ್ಲ. ದುಂಡಗಿನದಕ್ಕೆ ಮರ ಆಗಲೇ ತಂದಾಗಿದೆಯಂತೆ. ಹಳೆಯದನ್ನು ಎಸೆಯದೆ ನನ್ನ ಹತ್ತಿರ ಇಟ್ಟುಕೊಳ್ಳಲು ಕೇಳಿದ್ದೇನೆ.

ಸರಳ ಸಭೆ:
ಆ ಇಬ್ಬರಿಗೆ ನಿಮ್ಮ ಚೌಕ ಮತ್ತು ವೃತ್ತದ ಲೆಕ್ಕವನ್ನು ಹೇಳಿ. ಅಂಬ್ರೋಸ್, ಆಗಸ್ಟಿನ್ ಹೆಸರು ಹೇಳಿದರೆ ನನ್ನಂಥವರು ಬಗ್ಗುವುದಿಲ್ಲ. ಒಂದು ಮರದ ತುಂಡನ್ನು ಎದುರಿಗೇ ಕತ್ತರಿಸಿ ತೋರಿಸಿ.

ಮೂರನೆಯ ಬೆಂಚು:
ಐಎಚ್‌ಎಸ್ ಅಕ್ಷರಗಳ ನಡುವಿನ ಎಚ್ ಮೇಲೆ ಪುಟ್ಟ ಶಿಲುಬೆ ಇದೆಯೇ, ಸುತ್ತ ಕಿರಣಗಳಿವೆಯೇ? ಇದ್ದರೆ ಅಳತೆ ಸಮೇತ ತಿಳಿಸಿ. ಮಕ್ಕಳಿಗೆ ಬಿಡಿಸಿ ತೋರಿಸಬೇಕು.

ಬಣ್ಣದ ಬಟ್ಟಲು:
ಕೆಂಪು ಬಣ್ಣದ ಜಾಗಕ್ಕೆ ಹತ್ತಿಯನ್ನು ಮತ್ತೆ ತಾಗಿಸಬೇಡಿ. ಸುತ್ತಲಿನ ಮರಕ್ಕೆ ತೆಳುವಾಗಿ ಜೇನುಮೇಣ ಸಾಕು, ಆ ಬಾಯಿಯೊಳಗೆ ಮೇಣವೂ ಬೇಡ.

ಮರದ ಕೈ:
ಕಿರಣಗಳಿವೆ, ಶಿಲುಬೆಯೂ ಇದೆ. ನಾಳೆ ಬೆಳಿಗ್ಗೆ ಅಳತೆ ತೆಗೆದು ಹಾಕುತ್ತೇನೆ. ಕತ್ತರಿಸಿ ತೋರಿಸಲು ಚೌಕದ ತುಂಡೊಂದನ್ನು ಈಗಲೇ ಚೀಲದಲ್ಲಿಟ್ಟೆ.